ತುಕ್ಕು ಹೋಗಲಿ, ಉಕ್ಕು ಉಳಿಯಲಿ

ವಾಳಪೈ, ಸತ್ತರಿ ತಾಲ್ಲೂಕು, ಗೋವಾ

ವಾಳಪೈ ಸುತ್ತಿನ ಹಳ್ಳಿಗಳಲ್ಲೂ ಘಟ್ಟ ಹತ್ತಿದರೆ ಸಿಗುವ ಖಾನಾಪುರ, ಜೋಯಿಡಾ ಸೀಮೆಯಲ್ಲೂ ಬೆಳೆ ಕಾಯಲೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡಿರುವ ರೈತ ಬಂಧುಗಳಿಗೆ,

ಈ ಪತ್ರದಲ್ಲಿ ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ ಸಂಗತಿ. ಕೋವಿಯ ನಳಿಗೆಯ ಮೇಲೆ ಕೆಂಪು ತುಕ್ಕು ಕಂಡ ದಿನ ಉಪ್ಪುಕಾಗದ, ಎಮರಿ ಪೇಪರ್, ಅರ, ವೆಲ್ಡಿಂಗ್ ಅಂಗಡಿಯ ತಿರುಗುವ ತಂತಿ ಬ್ರಶ್, ಹುಣಸೆಹಣ್ಣು, ಆಸಿಡ್ ಇವ್ಯಾವುದನ್ನೂ ಅದಕ್ಕೆ ಮುಟ್ಟಿಸಬೇಡಿ. ಮೇಲ್ಮೈ ತುಕ್ಕಿಗೆ ಎಣ್ಣೆ, ಒಂದು ಚೂರು ತಾಮ್ರ ಅಥವಾ ಹಿತ್ತಾಳೆ, ಹಳೆಯ ಹತ್ತಿ ಬಟ್ಟೆ ಮತ್ತು ಒಂದೆರಡು ದಿನದ ತಾಳ್ಮೆ ಸಾಕು. ತುಕ್ಕು ತೆಗೆಯುವುದು ಬೇರೆ, ಕೋವಿಯನ್ನು ಬೆಳ್ಳಗೆ ಹೊಳೆಯಿಸುವುದು ಬೇರೆ. ಮೊದಲನೆಯದು ಲೋಹವನ್ನು ಉಳಿಸುತ್ತದೆ. ಎರಡನೆಯದು ಲೋಹವನ್ನೂ ಅದರ ಮೇಲಿನ ರಕ್ಷಣೆಯನ್ನೂ ಕೆಲವೊಮ್ಮೆ ಪರವಾನಗಿಯ ಆಧಾರವನ್ನೂ ಒಟ್ಟಿಗೆ ಕಿತ್ತುಹಾಕುತ್ತದೆ. ನಮ್ಮಲ್ಲಿ ಬಹಳ ಮಂದಿ ಮೊದಲನೆಯದೆಂದುಕೊಂಡು ಎರಡನೆಯದನ್ನು ಮಾಡುತ್ತಾರೆ. ಅದು ಯಾಕೆ ತಪ್ಪು ಎಂಬುದನ್ನು ಕಾರಣ ಸಮೇತ ಹೇಳಬೇಕು, ನಿಮ್ಮಿಂದ ಬರಬಹುದಾದ ಪ್ರಶ್ನೆಗಳಿಗೂ ಉತ್ತರ ಕೊಡಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ಈ ಸೀಮೆಯಲ್ಲಿ ತುಕ್ಕಿನ ಮಾತು ಬೇರೆಡೆಗಿಂತ ದೊಡ್ಡದು. ಗೋವಾದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ವಾಳಪೈ ಒಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 4,000 ಮಿಲಿಮೀಟರ್ ದಾಟುವುದು ಇಲ್ಲಿ ಅಪರೂಪವಲ್ಲ. ಗಾಳಿಯ ತೇವಾಂಶ ಶೇ. 60ರ ಆಸುಪಾಸು ದಾಟಿದರೆ ಬರಿಯ ಉಕ್ಕಿನ ಮೇಲೆ ತುಕ್ಕು ವೇಗ ಹಿಡಿಯುತ್ತದೆ. ನಮ್ಮಲ್ಲಿ ಮಳೆಗಾಲದ ತಿಂಗಳುಗಳುದ್ದಕ್ಕೂ ತೇವ ಆ ಮಟ್ಟಕ್ಕಿಂತ ಬಹಳ ಮೇಲೆಯೇ ಇರುತ್ತದೆ. ಇದರ ಜೊತೆಗೆ ಚುನಾವಣೆಯ ಹೊತ್ತಿಗೆ ಕೋವಿಯನ್ನು ಠಾಣೆಗೆ ಒಪ್ಪಿಸುವ ಕಟ್ಟುಪಾಡು ಬಂದು ಸೇರುತ್ತದೆ. 2024ರ ಲೋಕಸಭಾ ಚುನಾವಣೆಯನ್ನೇ ನೋಡಿ. ಮಾರ್ಚ್ 16ಕ್ಕೆ ನೀತಿ ಸಂಹಿತೆ ಜಾರಿಗೆ ಬಂತು. ಗೋವಾದಲ್ಲೂ ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳಲ್ಲೂ ಒಂದೇ ದಿನ, ಮೇ 7ರಂದು, ಮತದಾನವಾಯಿತು. ಎಣಿಕೆ ಜೂನ್ 4ಕ್ಕೆ. ಇಂಥ ಹೊತ್ತಿನಲ್ಲಿ ಠಾಣೆಗೆ ಒಪ್ಪಿಸಿದ ಕೋವಿ ಕಡು ಬೇಸಿಗೆಯ ಬೆವರಿನ ಕೈಯಿಂದ ಹೋಗಿ, ತಿಂಗಳುಗಟ್ಟಲೆ ಯಾರೂ ಎಣ್ಣೆ ಸೋಕಿಸದೆ ನಿಂತು, ಮುಂಗಾರು ಕಾಲಿಟ್ಟ ವಾರದಲ್ಲೇ ಮನೆಗೆ ಮರಳುತ್ತದೆ. ಠಾಣೆಯವರನ್ನು ದೂರುವುದು ನನ್ನ ಉದ್ದೇಶವಲ್ಲ. ನೂರಾರು ಕೋವಿಗಳಿಗೆ ದಿನಾ ಎಣ್ಣೆ ಹಚ್ಚುವುದು ಅವರ ಕೆಲಸವೂ ಅಲ್ಲ. ಆದರೆ ಮನೆಗೆ ತಂದು ಚೀಲ ಬಿಚ್ಚಿದಾಗ ನಳಿಗೆಯ ಮೇಲೆ ಕೇಸರಿ ಹುಡಿ ಕಂಡರೆ ಸಿಟ್ಟಿನಲ್ಲಿ ಕೈ ಹೋಗುವುದು ಮೊದಲು ಉಪ್ಪುಕಾಗದಕ್ಕೆ. ನಷ್ಟ ಶುರುವಾಗುವುದು ಅಲ್ಲಿಂದ.

ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಕೂಡಿದಾಗ ಹುಟ್ಟುವ ಕೆಂಪು ತುಕ್ಕು ಸಡಿಲವಾದ, ರಂಧ್ರಗಳಿರುವ ಪದರ. ಅದು ಅಡಿಯ ಲೋಹವನ್ನು ಮುಚ್ಚಿ ಕಾಪಾಡುವುದಿಲ್ಲ. ಬದಲಿಗೆ ತೇವವನ್ನು ಹೀರಿ ಹಿಡಿದಿಟ್ಟುಕೊಂಡು ಇನ್ನಷ್ಟು ತುಕ್ಕಿಗೆ ದಾರಿ ಮಾಡಿಕೊಡುತ್ತದೆ. ಹಾಗಾಗಿ ಅದನ್ನು ತೆಗೆಯಲೇಬೇಕು, ಬೇಗ ತೆಗೆಯಬೇಕು. ಇಷ್ಟರಲ್ಲಿ ಯಾರದೂ ತಕರಾರಿಲ್ಲ. ಆದರೆ ನಳಿಗೆಯ ಮೇಲೆ ನಮಗೆ ಕಾಣುವ ಕಪ್ಪು-ನೀಲಿ ಬಣ್ಣವೂ ಕಬ್ಬಿಣದ ಆಕ್ಸೈಡೇ. ಕೋವಿ ತಯಾರಕರು ಬ್ಲೂಯಿಂಗ್ ಎಂದು ಕರೆಯುವ ಆ ಪದರ ಮ್ಯಾಗ್ನೆಟೈಟ್ ಎಂಬ ಬಗೆಯದು. ದಟ್ಟವಾಗಿ ಉಕ್ಕಿಗೆ ಅಂಟಿಕೊಂಡಿರುತ್ತದೆ, ಎಣ್ಣೆಯನ್ನು ತನ್ನಲ್ಲಿ ಹಿಡಿದಿಡುತ್ತದೆ. ಹಳೆಯ ಕಾಲದ ಒಳ್ಳೆಯ ಕೋವಿಗಳಲ್ಲಿ ಇದನ್ನು ಮಾಡುತ್ತಿದ್ದ ಕ್ರಮವೇ ಸ್ವಾರಸ್ಯಕರ. ಬೇಕೆಂದೇ ನಳಿಗೆಗೆ ತೆಳುವಾಗಿ ತುಕ್ಕು ಹಿಡಿಸುವುದು, ಅದನ್ನು ಶುದ್ಧ ನೀರಿನಲ್ಲಿ ಕುದಿಸುವುದು, ಕುದಿದಾಗ ಕೆಂಪು ಪದರ ಕಪ್ಪಾಗುವುದು, ಸಡಿಲವಾದದ್ದನ್ನು ಮೆತ್ತನೆಯ ತಂತಿಯಿಂದ ಬಾಚಿ ತೆಗೆಯುವುದು, ಮತ್ತೆ ತುಕ್ಕು ಹಿಡಿಸುವುದು. ಹೀಗೆ ಹಲವು ಸುತ್ತು ನಡೆದ ಮೇಲೆ ಆ ಆಳವಾದ ಕಪ್ಪು ಬರುತ್ತಿತ್ತು. ಅಷ್ಟು ದುಡಿದು ಗಳಿಸಿದ ಪದರದ ದಪ್ಪ ಮೈಕ್ರಾನ್‌ಗಳ ಲೆಕ್ಕದ್ದು, ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಮಳೆಗಾಲದಲ್ಲಿ ನಿಮ್ಮ ಕೋವಿಯನ್ನು ಕಾಯುತ್ತಿರುವುದು ಅದೂ ಅದರ ಮೇಲೆ ನಿಂತ ಎಣ್ಣೆಯೂ.

ಎಮರಿ ಪೇಪರಿನ ಕಣಗಳು ಕುರಂದದವು, ವಜ್ರವನ್ನು ಬಿಟ್ಟರೆ ಸಾಮಾನ್ಯವಾಗಿ ಸಿಗುವ ಖನಿಜಗಳಲ್ಲಿ ಅತಿ ಗಡಸು. ಉಕ್ಕು ಅದಕ್ಕೆ ಯಾವ ಲೆಕ್ಕವೂ ಅಲ್ಲ. ಆ ಕಣಕ್ಕೆ ಕೆಂಪು ತುಕ್ಕು ಯಾವುದು, ಕಪ್ಪು ಪದರ ಯಾವುದು, ಅಡಿಯ ಉಕ್ಕು ಯಾವುದು ಎಂಬ ಭೇದ ತಿಳಿಯದು. ಎದುರು ಸಿಕ್ಕಿದ್ದನ್ನೆಲ್ಲ ಉಜ್ಜಿ ತೆಗೆಯುತ್ತದೆ. ಎರಡು ಬೆರಳಗಲದ ತುಕ್ಕಿನ ಕಲೆಗೆ ಎಮರಿ ಹಿಡಿದರೆ ಅಂಗೈಯಗಲದ ಬ್ಲೂಯಿಂಗ್ ಹೋಗುತ್ತದೆ. ಅದು ಬೆಳ್ಳಗೆ ಹೊಳೆಯುವುದನ್ನು ಕಂಡು ಕೆಲಸ ಚೆನ್ನಾಯಿತು ಅನ್ನಿಸುತ್ತದೆ. ಆದರೆ ಆ ಬೆಳ್ಳಗಿನ ಜಾಗ ಈಗ ಕವಚವಿಲ್ಲದ ಉಕ್ಕು, ಅದರ ಮೇಲೆಲ್ಲ ಎಮರಿ ಎಳೆದ ಸಾವಿರಾರು ಸೂಕ್ಷ್ಮ ಗೀರುಗಳು, ಗೀರಿನ ತಳದಲ್ಲೆಲ್ಲ ನೀರು ನಿಲ್ಲಲು ಜಾಗ. ಜುಲೈ ತಿಂಗಳ ವಾಳಪೈಯಲ್ಲಿ ಅಂಥ ನಳಿಗೆ ರಾತ್ರಿ ಬೆಳಗಾಗುವುದರಲ್ಲಿ ಮತ್ತೆ ಕೆಂಪಾಗಬಹುದು. ಆಗ ಮತ್ತೆ ಎಮರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಗಾದೆಯ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಪ್ರತಿ ಸುತ್ತಿನಲ್ಲೂ ನಳಿಗೆಯ ಗೋಡೆ ತೆಳುವಾಗುತ್ತ ಹೋಗುತ್ತದೆ. ಹಳೆಯ ಕೋವಿಗಳಲ್ಲಿ, ಅದರಲ್ಲೂ ಕಬ್ಬಿಣ-ಉಕ್ಕಿನ ಪಟ್ಟಿಗಳನ್ನು ಸುರುಳಿ ಸುತ್ತಿ ಬೆಸೆದು ಮಾಡಿದ ಡಮಾಸ್ಕಸ್ ನಳಿಗೆಗಳಲ್ಲಿ, ಆ ಗೋಡೆ ಮೊದಲೇ ತೆಳು, ಬೆಸುಗೆಯ ಗೆರೆಗಳೊಳಗೆ ಕಣ್ಣಿಗೆ ಕಾಣದ ತುಕ್ಕು ಕುಳಿತಿರುವ ಸಾಧ್ಯತೆಯೂ ಇದೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಕೋವಿಯ ಗುರುತಿನ ಸಂಖ್ಯೆ, ತಯಾರಕರ ಹೆಸರು, ನಳಿಗೆ ಪರೀಕ್ಷೆಯಾದ ಮುದ್ರೆ ಎಲ್ಲವೂ ಲೋಹದ ಮೈಮೇಲೆ ಒತ್ತಿದ ಅಥವಾ ಕೆತ್ತಿದ ಅಕ್ಷರಗಳು. ಹಳೆಯ ಕೋವಿಗಳಲ್ಲಿ ಅವು ಆಳವಾಗಿಯೂ ಇರುವುದಿಲ್ಲ. ತುಕ್ಕು ಮೊದಲು ಕೂರುವುದೂ ಅಂಥ ತಗ್ಗುಗಳಲ್ಲೇ, ಆದ್ದರಿಂದ ಉಪ್ಪುಕಾಗದ ಹೆಚ್ಚು ಓಡಾಡುವುದೂ ಅಲ್ಲೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಕೋವಿಯ ಮೇಲಿನ ಹೆಸರು, ಸಂಖ್ಯೆ ಅಥವಾ ಇತರ ಗುರುತನ್ನು ಅಳಿಸುವುದನ್ನು, ತೆಗೆಯುವುದನ್ನು, ಬದಲಿಸುವುದನ್ನು ನಿಷೇಧಿಸುತ್ತದೆ. ಅಷ್ಟೇ ಅಲ್ಲ, ಗುರುತು ಅಳಿದ ಕೋವಿ ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದರೆಂದು ಭಾವಿಸಬೇಕು, ಹಾಗಲ್ಲವೆಂದು ತೋರಿಸುವ ಹೊಣೆ ಅವರದೇ ಎಂದೂ ಅದೇ ಕಲಂ ಹೇಳುತ್ತದೆ. ಮೂರು ತಲೆಮಾರಿನಿಂದ ನಡೆದುಬಂದ ಪರವಾನಗಿ, ಪ್ರಾಮಾಣಿಕವಾಗಿ ತುಕ್ಕು ತೆಗೆದ ಒಂದು ಮಧ್ಯಾಹ್ನದಿಂದ ಇಂಥ ಪ್ರಶ್ನೆಗೆ ಸಿಲುಕುವುದು ಬೇಡ. ನವೀಕರಣಕ್ಕೆ ಹೋದಾಗ ಪುಸ್ತಕದ ಸಂಖ್ಯೆಯನ್ನೂ ಲೋಹದ ಸಂಖ್ಯೆಯನ್ನೂ ತಾಳೆ ನೋಡುತ್ತಾರೆ. ಆಗ ‘ತುಕ್ಕು ಹಿಡಿದಿತ್ತು, ಉಜ್ಜಿದೆ’ ಎಂಬ ಸಮಾಧಾನ ನಿಜವಾಗಿದ್ದರೂ ಬಹಳ ದುರ್ಬಲ ಸಮಾಧಾನ. ಈ ನೆಲಕ್ಕೆ ಕೋವಿಯ ಹಿನ್ನೆಲೆ ಹೊಸದಲ್ಲ. ವಾಳಪೈ ಪಕ್ಕದ ನಾಣುಸ್ ಕೋಟೆಯನ್ನು ಹಿಡಿದು ದೀಪಾಜಿ ರಾಣೆ ಪೋರ್ಚುಗೀಸರ ಎದುರು ನಿಂತದ್ದು 1852ರಲ್ಲಿ. 1895ರಲ್ಲಿ ಮತ್ತೆ ದಂಗೆ ಎದ್ದಾಗಲೂ ಸತ್ತರಿಯೇ ಅದರ ನಡುಮನೆ. ಹಳೆಯ ಮನೆಗಳಲ್ಲಿ ಹಿರಿಯರಿಂದ ಬಂದ ಕೋವಿ ಇದ್ದರೆ ಅದು ಎಲ್ಲಿ, ಯಾವ ಕಾಲದಲ್ಲಿ ಆಯಿತೆಂದು ಹೇಳಲು ಉಳಿದಿರುವ ಸಾಕ್ಷಿ ಆ ಮಾಸಿದ ಮುದ್ರೆಗಳು ಮಾತ್ರ. ಒಮ್ಮೆ ಉಜ್ಜಿಹೋದರೆ ಯಾವ ಕುಶಲಕರ್ಮಿಯೂ ಅವನ್ನು ಮರಳಿ ತರಲಾರ.

ಹುಣಸೆಹಣ್ಣಿನ ವಿಷಯದಲ್ಲಿ ಬರುವ ಆಕ್ಷೇಪ ನನಗೆ ಗೊತ್ತು. ‘ಅಜ್ಜಿಯ ಕಾಲದಿಂದ ಹಿತ್ತಾಳೆ ತಂಬಿಗೆ ಅದರಲ್ಲೇ ಫಳಫಳ ಹೊಳೆದಿದೆ, ಕೋವಿಗೆ ಏನಾದೀತು?’ ಹುಣಸೆ, ನಿಂಬೆ, ಮುರುಗಲು ಎಲ್ಲವೂ ಹುಳಿ, ಅಂದರೆ ಆಮ್ಲ. ಅವು ಕೆಂಪು ತುಕ್ಕನ್ನು ಕರಗಿಸುವುದು ನಿಜ. ಆದರೆ ಬ್ಲೂಯಿಂಗ್ ಪದರವೂ ಕಬ್ಬಿಣದ ಆಕ್ಸೈಡೇ ಆದ್ದರಿಂದ ಆಮ್ಲ ಅದನ್ನೂ ಬಿಡುವುದಿಲ್ಲ. ತಂಬಿಗೆಗೆ ಬ್ಲೂಯಿಂಗ್ ಇಲ್ಲ, ತಂಬಿಗೆಯನ್ನು ದಿನವೂ ತೊಳೆಯುತ್ತೇವೆ, ಒಳಗೆ ಸಿಡಿಮದ್ದು ಸಿಡಿಯುವುದಿಲ್ಲ. ಕೋವಿಯಲ್ಲಿ ನಳಿಗೆ ಮತ್ತು ಮರ ಕೂಡುವ ಸಂದಿ, ಸ್ಕ್ರೂ ತಲೆ, ಜೋಡು ನಳಿಗೆಯ ನಡುವಿನ ಪಟ್ಟಿ ಮುಂತಾದ ಕಡೆ ಹುಳಿಯ ಅಂಶ ಇಳಿದು ಕೂತರೆ ಒರೆಸಿ ತೆಗೆಯಲಾಗದು. ಹೊರಗೆ ಹೊಳೆಯುತ್ತಿರುವಾಗಲೇ ಒಳಗೆ ಅದು ತಿನ್ನುತ್ತಿರುತ್ತದೆ. ಶೌಚಾಲಯ ತೊಳೆಯುವ ಆಸಿಡ್ಡಿನ ಮಾತಂತೂ ಬೇಡವೇ ಬೇಡ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಕ್ಲೋರೈಡನ್ನು ಬಿಟ್ಟು ಹೋಗುತ್ತದೆ. ಕ್ಲೋರೈಡ್ ಎಂದರೆ ತುಕ್ಕಿಗೆ ಕೊಟ್ಟ ಆಹ್ವಾನ. ಅದರ ಬಾಟಲಿಯನ್ನು ಬಾಯಿ ತೆರೆದು ಕೋವಿಯಿರುವ ಕೋಣೆಯಲ್ಲಿಟ್ಟರೂ ಆವಿಯಿಂದಲೇ ಕಬ್ಬಿಣದ ವಸ್ತುಗಳು ಕೆಂಪಾಗುತ್ತವೆ.

ಹಾಗಾದರೆ ಮಾಡಬೇಕಾದ್ದೇನು? ಎಲ್ಲಕ್ಕೂ ಮೊದಲು ಕೋವಿ ಖಾಲಿ ಇದೆಯೇ ಎಂದು ನೋಡುವುದು. ತೋಟಾ ಕೋವಿಯನ್ನು ಕೀಲಿನಲ್ಲಿ ಬಾಗಿಸಿ ತೆರೆದು, ತೋಟಾ ಕೂರುವ ಎರಡೂ ಗೂಡನ್ನು ಕಣ್ಣಿಂದಲೂ ಬೆರಳಿಂದಲೂ ಪರೀಕ್ಷಿಸಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಕೇಪಿನ ಕೋವಿಯಲ್ಲಿ ಮೋಸ ಹೋಗುವುದು ಸುಲಭ, ಯಾಕೆಂದರೆ ಬಾಯಿಂದ ತುಂಬಿದ ಮದ್ದು ಹೊರಗೆ ಕಾಣದು, ವರ್ಷಗಟ್ಟಲೆ ಹಾಗೆಯೇ ಕೂತಿದ್ದರೂ ಸತ್ತಿದೆಯೆಂದು ನಂಬುವಂತಿಲ್ಲ. ಕೇಪು ತೆಗೆದುಹಾಕಿ, ನಳಿಗೆಯ ಬಾಯಿಯನ್ನು ಮೈಯಿಂದ ದೂರಕ್ಕೆ ತಿರುಗಿಸಿ, ಮದ್ದು ಜಡಿಯುವ ಸಲಾಕೆಯಾದ ಗಜವನ್ನು ಮೆಲ್ಲಗೆ ಒಳಗೆ ಇಳಿಬಿಡಿ. ಅದು ಇಳಿದಷ್ಟು ಉದ್ದವನ್ನು ಗುರುತು ಮಾಡಿ ನಳಿಗೆಯ ಹೊರಗೆ ಹಿಡಿದು ನೋಡಿ. ಗಜ ಹಿಂಬದಿಯ ತನಕ ಮುಟ್ಟದೆ ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಮದ್ದಿದೆ ಎಂದೇ ತಿಳಿಯಿರಿ. ಅದನ್ನು ಮನೆಯಲ್ಲಿ ಕೆದಕಬೇಡಿ, ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತಿಳಿಸಿ ಅವರು ಹೇಳಿದಂತೆ ಮಾಡಿ. ಖಾಲಿಯೆಂದು ಖಚಿತವಾದ ಮೇಲೆ, ಒಲೆ ಮತ್ತು ಬೀಡಿಯಿಂದ ದೂರ, ಗಾಳಿಯಾಡುವ ಜಗುಲಿಯಲ್ಲಿ ಕೂತು, ತುಕ್ಕಿನ ಜಾಗಕ್ಕೆ ತೆಳು ಯಂತ್ರದ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ. ಕೋವಿಗೆಂದೇ ಬರುವ ಎಣ್ಣೆ ಒಳ್ಳೆಯದು; ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆಯೂ ಆದೀತು. ಹಚ್ಚಿ ಒಂದು ರಾತ್ರಿ ಬಿಡಿ. ತುಕ್ಕಿನ ರಂಧ್ರಗಳೊಳಗೆ ಎಣ್ಣೆ ಇಳಿದು, ಅದಕ್ಕೂ ಲೋಹಕ್ಕೂ ನಡುವಿನ ಹಿಡಿತ ಸಡಿಲವಾಗಲು ಆ ಹೊತ್ತು ಬೇಕು. ಮಾರನೆಯ ದಿನ ತಾಮ್ರದ ಚಪ್ಪಟೆ ಚೂರಿನ ಅಂಚನ್ನು, ಇಲ್ಲವೇ ಹಿತ್ತಾಳೆ ಕೂದಲಿನ ಬ್ರಶ್ಶನ್ನು, ಎಣ್ಣೆ ಇರುವಂತೆಯೇ ಮೆಲ್ಲಗೆ ಆಡಿಸಿ. ತಾಮ್ರ ಉಕ್ಕಿಗಿಂತ ಮೆತ್ತಗಿರುವುದರಿಂದ ಉಬ್ಬಿದ ತುಕ್ಕನ್ನು ಮಾತ್ರ ಎತ್ತುತ್ತದೆ, ಉಕ್ಕಿಗೆ ಬಂದಾಗ ತಾನೇ ಸವೆಯುತ್ತದೆ. ಎಣ್ಣೆ ಕಂದು ಕೆಸರಾಗುತ್ತದೆ. ಹತ್ತಿ ಬಟ್ಟೆಯಲ್ಲಿ ಒರೆಸಿ, ಹೊಸ ಎಣ್ಣೆ ಹಚ್ಚಿ, ಮತ್ತೆ ಆಡಿಸಿ. ಬಟ್ಟೆಗೆ ಕಂದು ಹತ್ತುವುದು ನಿಂತ ಕ್ಷಣ ನೀವೂ ನಿಲ್ಲಿಸಿ. ತೀರಾ ಹಟ ಹಿಡಿದ ಕಡೆ ‘0000’ ಎಂದು ಬರೆದಿರುವ ಅತಿ ನಯದ ಸ್ಟೀಲ್ ವುಲ್ಲನ್ನು ಎಣ್ಣೆಯಲ್ಲಿ ಅದ್ದಿ ಹಗುರವಾಗಿ ಬಳಸಬಹುದು. ಪಾತ್ರೆ ತಿಕ್ಕುವ ಉರುಟು ತಂತಿ ನಾರು ಅದಲ್ಲ, ಅದನ್ನು ದೂರವಿಡಿ. ಸಂಖ್ಯೆ ಮತ್ತು ಮುದ್ರೆಯ ಮೇಲೆ ಮಾತ್ರ ಬಟ್ಟೆ ಬಿಟ್ಟು ಬೇರೇನನ್ನೂ ಆಡಿಸಬೇಡಿ. ಅಕ್ಷರದ ತಗ್ಗಿನೊಳಗಿನದಕ್ಕೆ ಎಣ್ಣೆಯಲ್ಲಿ ನೆನೆಸಿದ ಬಿದಿರು ಕಡ್ಡಿಯ ತುದಿ ಸಾಕು.

ಇಷ್ಟಾದ ಮೇಲೂ ತುಕ್ಕಿದ್ದ ಜಾಗದಲ್ಲಿ ಮಂಕಾದ ಬೂದು ಅಥವಾ ಕಪ್ಪು ಕಲೆ ಉಳಿದೀತು. ‘ಇದೇನು, ಪೂರ್ತಿ ಹೋಗಲಿಲ್ಲವಲ್ಲ!’ ಎಂಬುದು ಎರಡನೆಯ ಆಕ್ಷೇಪ. ಆ ಕಲೆಯನ್ನು ಅಟ್ಟಿಸಿಕೊಂಡು ಹೋಗುವುದರಲ್ಲೇ ಹೆಚ್ಚಿನ ಕೋವಿಗಳು ಹಾಳಾಗಿರುವುದು. ಬೆರಳು ಸವರಿದರೆ ಒರಟು ಹತ್ತದೆ, ಬಿಳಿ ಬಟ್ಟೆಗೆ ಕಂದು ಹತ್ತದೆ ಇದ್ದರೆ ಅಲ್ಲಿ ನಡೆಯುತ್ತಿದ್ದ ತುಕ್ಕು ನಿಂತಿದೆ. ಉಳಿದಿರುವುದು ತುಕ್ಕು ಹಿಂದೆ ತಿಂದ ಲೋಹದ ಗುರುತು. ಸುತ್ತಲಿನ ಲೋಹವನ್ನೆಲ್ಲ ಅದೇ ಮಟ್ಟಕ್ಕೆ ಇಳಿಸದೆ ಆ ಗುರುತನ್ನು ಅಳಿಸಲಾಗದು. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಆಯುಧಗಳನ್ನು ಕಾಪಿಡುವವರೂ ತುಕ್ಕನ್ನು ನಿಲ್ಲಿಸಿ, ಗಟ್ಟಿ ಪದರವನ್ನು ಹಾಗೇ ಬಿಟ್ಟು, ಮೇಲೆ ಮೇಣ ಅಥವಾ ಎಣ್ಣೆಯ ಕಾಪು ಕೊಡುತ್ತಾರೆ. ಬೆಳೆ ಕಾಯುವ ಕೋವಿ ಮದುವೆಗೆ ಹೋಗುವ ಸೊತ್ತಲ್ಲ. ಅದು ಕಪ್ಪಾಗಿ ಮಂಕಾಗಿ ಆರೋಗ್ಯವಾಗಿದ್ದರೆ ಸಾಕು.

ನಳಿಗೆಯ ಒಳಗಿನ ತುಕ್ಕಿಗೆ ಈ ಪತ್ರದ ಧೈರ್ಯ ಪೂರ್ತಿ ಅನ್ವಯಿಸದು. ಅಲ್ಲಿ ಕೈ ಹಿಂದಕ್ಕೆಳೆಯುವುದೂ ಜಾಣತನ. ತೋಟಾ ಕೋವಿಯಲ್ಲಿ ನಳಿಗೆಯನ್ನು ಬಿಚ್ಚಿ, ಹಿಂಬದಿಯಿಂದ ಹಿತ್ತಾಳೆ ಬ್ರಶ್ ತೂರಿಸಿ, ಎಣ್ಣೆ ಬಟ್ಟೆ ಎಳೆದು, ಬೆಳಕಿಗೆ ಹಿಡಿದು ನೋಡಿ. ಒಳಮೈ ಒಂದೇ ಸಮ ಕನ್ನಡಿಯಂತಿದ್ದರೆ ಸರಿ. ಕಪ್ಪು ಚುಕ್ಕೆಗಳು, ಗುಳಿಗಳು, ಒಂದು ಕಡೆ ಉಂಗುರದಂಥ ನೆರಳು ಕಂಡರೆ ಅದು ಮೇಲ್ಮೈ ತುಕ್ಕಲ್ಲ. ಗುಂಡಿಕ್ಕುವಾಗ ಒತ್ತಡವೆಲ್ಲ ಬೀಳುವುದು ಆ ಗೋಡೆಯ ಮೇಲೆ, ಅದೂ ನಿಮ್ಮ ಎಡಗೈ ಮತ್ತು ಮುಖದ ಸಮೀಪದಲ್ಲಿ. ಕೇಪಿನ ಕೋವಿಯಲ್ಲಿ ಕೇಪು ಕೂರಿಸುವ ತುದಿಯ ಬುಡದ ತಿರುಪು ತುಕ್ಕಿಗೆ ಸವೆದಿದ್ದರೆ ಅಪಾಯ ಅಷ್ಟೇ. ಇವೆರಡಕ್ಕೂ ಮನೆಮದ್ದಿಲ್ಲ. ಕೋವಿ ರಿಪೇರಿ ಮಾಡಲು ಅದೇ 1959ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪ್ರತ್ಯೇಕ ಪರವಾನಗಿ ಬೇಕು. ಊರಿನ ವೆಲ್ಡಿಂಗ್ ಅಂಗಡಿಯವರು ಎಷ್ಟೇ ಪಳಗಿದ ಕೈಯಾದರೂ ಅವರಿಗೆ ಈ ಕೆಲಸ ಕೊಡುವಂತಿಲ್ಲ, ಅವರು ಮಾಡುವಂತೆಯೂ ಇಲ್ಲ. ಪರವಾನಗಿ ಇರುವವರಲ್ಲಿ ಹೊಸದಾಗಿ ಬ್ಲೂಯಿಂಗ್ ಮಾಡಿಸುವುದಾದರೆ ಒಂದು ಮಾತು ಕೇಳಿ ತಿಳಿದುಕೊಳ್ಳಿ: ಜೋಡು ನಳಿಗೆಯ ಪಟ್ಟಿಗಳನ್ನು ಕೂಡಿಸಿರುವುದು ಸೀಸ-ತವರದ ಬೆಸುಗೆಯಿಂದ. ಕಾಸ್ಟಿಕ್ ಉಪ್ಪಿನ ಬಿಸಿ ದ್ರಾವಣದಲ್ಲಿ ಅದ್ದುವ ವಿಧಾನ ಆ ಬೆಸುಗೆಯನ್ನೇ ತಿನ್ನುತ್ತದೆ. ಅಂಥ ಕೋವಿಗೆ ಹಳೆಯ, ನಿಧಾನದ ವಿಧಾನವೇ ಆಗಬೇಕು.

ಕರಿಮದ್ದು ಬಳಸುವವರಿಗೆ ಇನ್ನೊಂದು ಮಾತು. ‘ಕೋವಿಗೆ ನೀರು ಸೋಕಿಸಬಾರದು’ ಎಂಬ ನಂಬಿಕೆ ಬಲವಾಗಿದೆ, ಒಳ್ಳೆಯ ಉದ್ದೇಶದಿಂದಲೇ ಹುಟ್ಟಿದೆ. ಆದರೆ ಕರಿಮದ್ದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಪೊಟ್ಯಾಸಿಯಂ ಲವಣಗಳು ಮತ್ತು ಗಂಧಕದ ಸಂಯುಕ್ತಗಳು. ಗಾಳಿಯ ತೇವವನ್ನು ಎಳೆದುಕೊಂಡು ಒದ್ದೆಯಾಗುವ ಸ್ವಭಾವದವು. ಅವು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತವೆ. ತೊಳೆಯದೆ ಮೇಲಿಂದ ಎಣ್ಣೆ ಹಾಕಿದರೆ ಲವಣವನ್ನೂ ತೇವವನ್ನೂ ಸೇರಿಸಿ ಮುಚ್ಚಿಟ್ಟ ಹಾಗಾಗುತ್ತದೆ. ಹೀಗಾಗಿ ಹಾರಿಸಿದ ದಿನವೇ ಮರದಿಂದ ಬಿಡಿಸಿದ ನಳಿಗೆಯನ್ನು ಬಿಸಿ ಸೋಪುನೀರಿನಲ್ಲಿ ತೊಳೆದು, ಬರಿ ಬಿಸಿನೀರಿನಲ್ಲಿ ಮತ್ತೆ ತೊಳೆದು, ಆ ಬಿಸಿಯಲ್ಲೇ ಒರೆಸಿ ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ನೀರಿನಿಂದ ಕೆಡುವುದು ಒಣಗಿಸದ ಕೋವಿ, ತೊಳೆದ ಕೋವಿಯಲ್ಲ.

ಎಣ್ಣೆ ಯಾವುದಾದರೇನು, ಮನೆಯಲ್ಲಿ ತೆಂಗಿನೆಣ್ಣೆ ಇದೆಯಲ್ಲ ಎನ್ನುವವರೂ ಇದ್ದಾರೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಜೋಯಿಡಾದ ಡಿಸೆಂಬರ್ ರಾತ್ರಿಯಲ್ಲಿ ಕೋವಿಯ ಒಳಯಂತ್ರದಲ್ಲಿ ಅದು ಮೇಣವಾಗಿ ಕೂರುವುದು ಖಂಡಿತ. ಸೂರ್ಯಕಾಂತಿ ಎಣ್ಣೆಯಂಥವು ಗಾಳಿಗೆ ಅಂಟಾಗಿ ಒಣಗುತ್ತವೆ. ಅಡುಗೆ ಎಣ್ಣೆಗಳೆಲ್ಲ ಹಳತಾದಂತೆ ಕಮಟಾಗಿ ಹುಳಿಯಂಶ ಬಿಡುತ್ತವೆ. ಡಬ್ಲ್ಯುಡಿ-40 ಈಗ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ನೀರನ್ನು ಹೊರದೂಡಲೆಂದೇ 1953ರಲ್ಲಿ ಅಮೆರಿಕದಲ್ಲಿ ತಯಾರಾದ ದ್ರವ ಅದು, ಮಳೆಯಲ್ಲಿ ನೆನೆದು ಬಂದ ಕೋವಿಗೆ ಆ ಸಂಜೆ ಹೊಡೆಯಲು ಉಪಯೋಗ. ಆದರೆ ಅದರ ಹೆಚ್ಚಿನ ಭಾಗ ಆರಿಹೋಗುತ್ತದೆ. ಅದನ್ನೇ ಮಳೆಗಾಲದ ಕಾಪೆಂದು ನಂಬಿದರೆ ಆಗಸ್ಟಿನಲ್ಲಿ ಮತ್ತೆ ತುಕ್ಕು. ಅದನ್ನು ಒರೆಸಿ, ಮೇಲೆ ದಪ್ಪ ಎಣ್ಣೆ ಅಥವಾ ಗ್ರೀಸಿನ ತೆಳು ಪದರ ಬಿಡಬೇಕು.

ತುಕ್ಕು ಯಾಕೆ ಬಂತು ಎಂದು ಕೇಳದೆ ತೆಗೆದರೆ ಮರುವರ್ಷ ಅದೇ ಕೆಲಸ. ಹೆಚ್ಚಿನ ಮನೆಗಳಲ್ಲಿ ಅದರ ಕಾರಣ ಕೋವಿಯ ಚೀಲ. ಚರ್ಮ, ಕ್ಯಾನ್ವಾಸ್, ಒಳಗೆ ಸ್ಪಂಜಿರುವ ಚೀಲ ಎಲ್ಲವೂ ತೇವ ಕುಡಿದು ಲೋಹಕ್ಕೆ ಒತ್ತಿ ಹಿಡಿಯುತ್ತವೆ. ಅವು ಸಾಗಿಸಲಿಕ್ಕೆ ಇರುವಂಥವು, ಇರಿಸಲಿಕ್ಕಲ್ಲ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡುವ ರೂಢಿಯಲ್ಲಿ ಅರ್ಧ ಸತ್ಯವಿದೆ: ಬಿಸಿಗೆ ತೇವ ಕಡಿಮೆಯಾಗುತ್ತದೆ, ಆದರೆ ಕಟ್ಟಿಗೆಯ ಹೊಗೆಯಲ್ಲಿ ಅಸಿಟಿಕ್ ಆಮ್ಲದಂಥ ಹುಳಿ ಆವಿಯಿದೆ, ಮಸಿ ಕೂತ ಕಡೆ ತೇವ ನಿಲ್ಲುತ್ತದೆ. ಬೀಗವಿರುವ, ಗಾಳಿಯಾಡುವ, ಗೋಡೆಗೆ ತಾಗದ ಕಪಾಟಿನಲ್ಲಿ ಎಣ್ಣೆ ಸವರಿ ನಿಲ್ಲಿಸುವುದು ಒಳ್ಳೆಯದು. ಮುಟ್ಟಿದಾಗಲೆಲ್ಲ ಬೆರಳಚ್ಚು ಒರೆಸಿ. ಬೆವರಿನ ಉಪ್ಪು ಬೆರಳಿನ ಆಕಾರದಲ್ಲೇ ತುಕ್ಕು ಹುಟ್ಟಿಸುತ್ತದೆ.

ವರ್ಷಕ್ಕೊಮ್ಮೆ ಕೋವಿಯನ್ನು ಹೊರತೆಗೆದು ನೋಡುವುದಕ್ಕೆ ಕೊಡಗಿನವರಲ್ಲಿ ಒಂದು ಕಟ್ಟಳೆಯೇ ಇದೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಹೊರತೆಗೆದು, ಶುಚಿ ಮಾಡಿ, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಕೆಂಪು-ಹಳದಿ ಹೂವಿಟ್ಟು ಪೂಜಿಸುತ್ತಾರೆ. ಪರವಾನಗಿಯಿಂದ ಕೊಡವರಿಗೂ ಅಲ್ಲಿನ ಜಮ್ಮಾ ಎಂಬ ಭೂಹಿಡುವಳಿಯವರಿಗೂ ಇರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಅದು ನಮಗೆ ಸಂಬಂಧಿಸಿದ್ದಲ್ಲ. ನಾವು ಕಲಿಯಬಹುದಾದದ್ದು ಆ ಕಾಲನಿರ್ಣಯವನ್ನು. ಮಳೆಯ ಜೋರು ಇಳಿಯುತ್ತಿದ್ದಂತೆ ಮನೆಯ ಪ್ರತಿ ಕೋವಿಯೂ ಒಮ್ಮೆ ಕಣ್ಣಿಗೆ, ಕೈಗೆ ಬರುತ್ತದೆ. ನಮಗೂ ಆಯುಧಪೂಜೆ ಇದೆ, ಇಲ್ಲಿನವರು ಖಂಡೇ ನವಮಿ ಎನ್ನುತ್ತಾರೆ. ಆ ದಿನ ಕುಂಕುಮ, ಗಂಧ, ಒದ್ದೆ ಹೂವನ್ನು ಲೋಹದ ಮೇಲಿಟ್ಟು ಮಾರನೆಯ ಬೆಳಗ್ಗೆವರೆಗೆ ಮರೆತರೆ ಹೂವಿನ ಅಡಿಯಲ್ಲಿ ತುಕ್ಕಿನ ಚುಕ್ಕೆ ಸಿದ್ಧ. ಕುಂಕುಮವನ್ನು ಮರದ ಹಿಡಿಗೆ ಹಚ್ಚಿ, ಪೂಜೆ ಮುಗಿದ ಸಂಜೆಯೇ ಲೋಹವನ್ನು ಒರೆಸಿ ಎಣ್ಣೆ ಸವರಿದರೆ ಭಕ್ತಿಗೂ ಕುಂದಿಲ್ಲ, ಕೋವಿಗೂ ಕುಂದಿಲ್ಲ.

ಕೊನೆಯ ಆಕ್ಷೇಪ ನಿಮ್ಮಿಂದಲ್ಲ, ಕೋವಿಯೇ ಬೇಡ ಎನ್ನುವವರಿಂದ ಬರುತ್ತದೆ. 1999ರಲ್ಲಿ ಘೋಷಣೆಯಾದ, 208 ಚದರ ಕಿಲೋಮೀಟರಿನ ಮಹಾದಾಯಿ ಅಭಯಾರಣ್ಯ ಇರುವ ತಾಲ್ಲೂಕಿನಲ್ಲಿ ಕೋವಿಯ ಆರೈಕೆ ಬರೆಯುವುದು ಬೇಟೆಗೆ ಕುಮ್ಮಕ್ಕಲ್ಲವೇ ಎಂದು. ಆ ಕಳಕಳಿಯನ್ನು ಗೌರವಿಸುತ್ತೇನೆ. 1972ರ ವನ್ಯಜೀವಿ ಕಾಯ್ದೆ ಎಲ್ಲರಿಗೂ ಒಂದೇ; ಕೋವಿಯ ಪರವಾನಗಿ ಎಂದರೆ ಪ್ರಾಣಿಯನ್ನು ಹೊಡೆಯುವ ಪರವಾನಗಿಯಲ್ಲ, ಅಡಿಕೆ-ಬಾಳೆ ತೋಟಕ್ಕೆ ಬಂದ ಹಂದಿ, ಮಂಗಗಳ ಕಾಟಕ್ಕೂ ಆ ಕಾಯ್ದೆಯ ಚೌಕಟ್ಟಿನಲ್ಲೇ ದಾರಿ ಹುಡುಕಬೇಕು. ಆದರೆ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವುದನ್ನು ಹೆಸರಿಟ್ಟೇ ಹೇಳುತ್ತದೆ, ಆ ಕೋವಿಗಳು ನಮ್ಮ ಮನೆಗಳಲ್ಲಿ ಇವೆ. ಇರುವ ತನಕ ಅವು ತುಕ್ಕು ತಿಂದು ಕೈಯಲ್ಲೇ ಸಿಡಿಯುವ ಸ್ಥಿತಿಯಲ್ಲಿ ಇರಬೇಕೆಂದು ಯಾವ ಪರಿಸರಪ್ರೇಮಿಯೂ ಬಯಸಲಾರ. ಬರಿ ಸದ್ದಿಗೆ ಹಾರಿಸುವ ಈಡಾದರೂ ನಳಿಗೆಯ ಹಿಂದೆ ನಿಂತಿರುವುದು ಒಬ್ಬ ಮನುಷ್ಯ.

ಮುಂದಿನ ಚುನಾವಣೆಗೆ ಕೋವಿ ಒಪ್ಪಿಸುವ ಮುನ್ನ ಮೂರು ಕೆಲಸ ಮಾಡಿ. ಹಿಂದಿನ ದಿನ ಒಳಗೂ ಹೊರಗೂ ದಪ್ಪಗೆ ಎಣ್ಣೆ ಸವರಿ. ಸಂಖ್ಯೆ ಓದುವಂತೆ, ನಳಿಗೆಯ ಮೈ ಕಾಣುವಂತೆ ಹಗಲು ಬೆಳಕಿನಲ್ಲಿ ಫೋಟೋ ತೆಗೆದಿಡಿ. ರಶೀದಿಯಲ್ಲಿ ಕೋವಿಯ ಸ್ಥಿತಿಯನ್ನೂ ಒಂದು ಸಾಲು ಬರೆಸಿಕೊಳ್ಳಲು ವಿನಯದಿಂದ ಕೇಳಿ. ಊರಿನವರೆಲ್ಲ ಸೇರಿ, ಚೀಲದಿಂದ ಹೊರತೆಗೆದು ಸಾಲಾಗಿ ನಿಲ್ಲಿಸಿಡಲು, ತಿಂಗಳಿಗೊಮ್ಮೆ ಪೊಲೀಸರ ಎದುರಲ್ಲೇ ಮಾಲೀಕರು ಬಂದು ಎಣ್ಣೆ ಹಚ್ಚಲು ಅವಕಾಶ ಕೊಡಿರೆಂದು ಜಿಲ್ಲಾಧಿಕಾರಿಗಳಿಗೆ ಒಂದು ಮನವಿ ಕೊಡಬಹುದು. ಖಾನಾಪುರ, ಜೋಯಿಡಾದವರೂ ತಂತಮ್ಮ ಜಿಲ್ಲೆಯಲ್ಲಿ ಇದನ್ನೇ ಕೇಳಬಹುದು. ಕರಡು ಬರೆಯುವ ಕೆಲಸ ನನ್ನದಿರಲಿ. ಸಹಿ ಹಾಕುವವರು ಆಯುಧಪೂಜೆಯ ಮುಂಚೆ ಹೆಸರು ಕೊಡಿ.

ಇತಿ ನಿಮ್ಮವ,
ವಾಳಪೈಯಿಂದ ಒಬ್ಬ ಕನ್ನಡಿಗ